ತಲೆ ಎಣ್ಣೆಯ ಬಾಣಲೆ

ನಾನು ಒಂದು ಕಬ್ಬಿಣದ ಬಾಣಲೆ. ಬಾಣಲೆ ಎಂದ ಕೂಡಲೇ ನಿಮಗೆ ಬೋಂಡ, ಚಕ್ಕುಲಿ, ಕರಿಗಡುಬು ನೆನಪಾಗಿ ಬಾಯಲ್ಲಿ ನೀರೂರಿರಬೇಕು. ದಯವಿಟ್ಟು ನುಂಗಿಕೊಳ್ಳಿ. ನನ್ನ ಬಾಳು ಬೇರೆಯೇ ದಾರಿ ಹಿಡಿಯಿತು.

ತಿಪಟೂರಿಗೆ ಹತ್ತಿರದ ಒಂದು ಊರಿನ ಕುಲುಮೆಯಲ್ಲಿ ನಾನು ಹುಟ್ಟಿದೆ. ಅಲ್ಲಿಯವರೆಗೆ ನಾನೊಂದು ಚಪ್ಪಟೆ ತಗಡು. ಆಚಾರರು ನನ್ನನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ಬಡಿದು ಹೊಟ್ಟೆ ಬರಿಸಿದರು. ಎರಡು ಕಿವಿ ಹಚ್ಚಿದರು. ಎಡಗಿವಿ ಹಚ್ಚುವಾಗ ಅವರ ಹೆಂಡತಿ ಒಳಗಿನಿಂದ ಏನೋ ಅಂದರು, ಇವರು ಕತ್ತು ತಿರುಗಿಸಿ ಏನೋ ಉತ್ತರ ಕೊಟ್ಟರು, ಕಿವಿ ಸೊಟ್ಟಗಾಯಿತು. ಸಂಸಾರದ ಜಗಳದಲ್ಲಿ ಪೆಟ್ಟು ಬೀಳುವುದು ಪಕ್ಕದಲ್ಲಿ ಸುಮ್ಮನಿದ್ದವರಿಗೆ ಎಂಬುದನ್ನು ನಾನು ಹುಟ್ಟುವಾಗಲೇ ಕಲಿತೆ.

ಸಂತೆಯಲ್ಲಿ ನನ್ನನ್ನು ಕುಡುಗೋಲು, ಈಳಿಗೆಮಣೆಗಳ ನಡುವೆ ಗೋಣಿಚೀಲದ ಮೇಲೆ ಇಟ್ಟರು. ಎದುರಿಗೇ ಬೋಂಡದ ಅಂಗಡಿ. ಅಲ್ಲಿನ ದೊಡ್ಡ ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಿತ್ತು, ಬೋಂಡಗಳು ಮುಳುಗಿ ಎದ್ದು ಹೊರಳುತ್ತಿದ್ದವು, ಜನ ಸುತ್ತ ನಿಂತು ಅದನ್ನೇ ನೋಡುತ್ತಿದ್ದರು. ನಾನೂ ಹಾಗೇ ಆಗಬೇಕು ಅಂದುಕೊಂಡೆ.

ನನ್ನನ್ನು ಕೊಂಡವರು ಚನ್ನಾಜಮ್ಮ. ಆಗ ಅವರಿಗಿನ್ನೂ ನಡುವಯಸ್ಸು. ಬೆರಳಿನ ಗೆಣ್ಣಿನಿಂದ ನನ್ನ ಹೊಟ್ಟೆಯನ್ನು ಟಕ್ಕೆಂದು ಬಡಿದು, ತಮ್ಮ ಕಿವಿಯ ಹತ್ತಿರ ಹಿಡಿದು ಆಲಿಸಿದರು.

"ಸದ್ದೇನೋ ಚೆನ್ನಾಗೈತೆ. ಕಿವಿ ಯಾಕೆ ಸೊಟ್ಟ?"

"ಅದು ಹಿಡ್ಕಳಾಕೆ ಅನುಕೂಲ ಆಗ್ಲಿ ಅಂತ ಕಣಮ್ಮ," ಎಂದರು ಆಚಾರರು, ಮುಖ ಒಂದಿಷ್ಟೂ ಬಾಡಿಸದೆ.

ಮನೆಗೆ ಹೋದ ದಿನ ಚನ್ನಾಜಮ್ಮ ನನ್ನನ್ನು ಬೂದಿ ಹಾಕಿ ತಿಕ್ಕಿದರು, ಬಿಸಿಲಿಗೆ ಇಟ್ಟರು, ಒಲೆಗೇರಿಸಿದರು. ನನ್ನ ಎದೆ ಡವಡವ ಅನ್ನುತ್ತಿತ್ತು. ತೆಂಗಿನೆಣ್ಣೆ ಬಿತ್ತು. ಬೋಂಡಕ್ಕೆ ತೆಂಗಿನೆಣ್ಣೆಯೇ ಎಂದು ಒಂದು ಗಳಿಗೆ ಅನುಮಾನವಾಯಿತು, ಇರಲಿ ಎಂದು ಸುಮ್ಮನಾದೆ. ಕರಿಬೇವು ಬಿತ್ತು. ಮೆಂತ್ಯ ಬಿತ್ತು. ಒಂದು ಹಿಡಿ ದಾಸವಾಳದ ಹೂ ಬಿತ್ತು. ಗದ್ದೆ ಬದುವಿನಲ್ಲಿ ಬೆಳೆಯುವ ಗರುಗದ ಸೊಪ್ಪನ್ನು ಜಜ್ಜಿ ಅದರ ರಸ ಹಿಂಡಿದರು. ನಾನು ಚಟಪಟ ಎಂದು ಸಿಡಿದೆ, ನೊರೆ ಎಬ್ಬಿಸಿದೆ. ಇನ್ನೇನು ಕಡಲೆಹಿಟ್ಟು ಬರುತ್ತದೆ ಎಂದು ಕಾದೆ. ಕಡಲೆಹಿಟ್ಟು ಬರಲಿಲ್ಲ. ಬಂದದ್ದು ಅವರ ಯಜಮಾನರಾದ ಚಿಕ್ಕರಂಗಪ್ಪನವರ ಬೋಳುತಲೆ.

"ಕೂತ್ಕಳ್ರಿ ಇಲ್ಲಿ," ಎಂದರು ಚನ್ನಾಜಮ್ಮ. ಉಗುರುಬೆಚ್ಚಗಿನ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಆ ತಲೆಯ ನಡುನೆತ್ತಿಗೆ ತಟ್ಟಿದರು.

"ಗದ್ದೇಲಿ ಪೈರೇ ಇಲ್ಲ, ನೀರು ಯಾಕೆ ಬಿಡ್ತೀಯ?"

"ನೀರು ಬಿಟ್ರೇ ಅಲ್ವಾ ಪೈರು ಬರೋದು."

ಅಂದಿಗೆ ನನ್ನ ಹಣೆಬರಹ ತೀರ್ಮಾನವಾಯಿತು. ತಲೆಗೆ ಹಚ್ಚುವುದನ್ನು ಕಾಯಿಸಿದ ಪಾತ್ರೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ನನ್ನ ವಾಸ ಬಚ್ಚಲುಮನೆಗೆ ಬದಲಾಯಿತು. ಒಂದು ಕಡೆ ನೀರು ಕಾಯುವ ಹಂಡೆ, ಇನ್ನೊಂದು ಕಡೆ ಸೀಗೆಪುಡಿಯ ಡಬ್ಬಿ. ಸೀಗೆಪುಡಿ ಒಳ್ಳೆಯವಳು. ಆದರೆ ಅವಳು ಬಾಯಿ ತೆರೆದರೆ ಮನೆಯವರೆಲ್ಲ ಸೀನಬೇಕು. ಅವಳೊಡನೆ ಹೆಚ್ಚು ಮಾತಾಡುವ ಹಾಗಿರಲಿಲ್ಲ.

ಚನ್ನಾಜಮ್ಮನಿಗೆ ಅಂಗಡಿಯ ಬಣ್ಣದ ಸೀಸೆಗಳ ಮೇಲೆ ನಂಬಿಕೆ ಇರಲಿಲ್ಲ. ಹಿತ್ತಲಲ್ಲಿ ಸಿಗುವುದನ್ನು ಬಿಟ್ಟು ಪೇಟೆಯಲ್ಲಿ ಏಕೆ ಹುಡುಕಬೇಕು ಎನ್ನುವ ಜಾತಿ ಅವರು. ಮೆಂತ್ಯವನ್ನು ನೆನೆಹಾಕಿ, ಮೊಸರಿನಲ್ಲಿ ರುಬ್ಬಿ ಹಚ್ಚುತ್ತಿದ್ದರು. ತಲೆ ತಂಪಾಗುತ್ತಿತ್ತು, ಹೊಟ್ಟು ಬಿಡುತ್ತಿತ್ತು. ದಾಸವಾಳದ ಎಲೆಯನ್ನು ಕಿವುಚಿ ಲೋಳೆ ತೆಗೆದು ತಲೆ ತೊಳೆಯಲು ಕೊಡುತ್ತಿದ್ದರು. ಕೂದಲು ರೇಷ್ಮೆಯಂತೆ ಜಾರುತ್ತಿತ್ತು. ಮದರಂಗಿಯನ್ನು ಒಣಗಿದ ನೆಲ್ಲಿಚೆಟ್ಟಿನ ಪುಡಿಯೊಂದಿಗೆ ಕಲಸಿ ಒಂದು ರಾತ್ರಿ ನನ್ನಲ್ಲಿ ಬಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅದು ಕಪ್ಪಗಾಗಿರುತ್ತಿತ್ತು. ಆ ಕಪ್ಪು ನನ್ನ ಮೈಯಿಂದ ಇಳಿದದ್ದು. ಕೇರಿಯ ಹೆಂಗಸರೆಲ್ಲ ತಲೆ ಮೇಲೆ ಹೊತ್ತು ತಿರುಗುತ್ತಿದ್ದದ್ದು ನನ್ನನ್ನೇ ಎಂದು ಒಂದಷ್ಟು ಜಂಬವೂ ಇತ್ತು.

ಎಲ್ಲವೂ ಮೊದಲು ಪ್ರಯೋಗವಾಗುತ್ತಿದ್ದದ್ದು ಚಿಕ್ಕರಂಗಪ್ಪನವರ ಮೇಲೆ. ಅವರ ಕಿವಿಗಳ ಮೇಲೆ, ಹಿಂದಲೆಯ ಸುತ್ತ, ಒಂದು ಸಾಲು ಕೂದಲು ಇನ್ನೂ ನಿಂತಿತ್ತು. ಒಮ್ಮೆ ಯಾರೋ ಕೋಳಿಮೊಟ್ಟೆ ಬಹಳ ಒಳ್ಳೆಯದು ಅಂದರು. ಚನ್ನಾಜಮ್ಮ ಮೊಟ್ಟೆ ಒಡೆದು, ನನ್ನಲ್ಲೇ ಕಲಕಿ, ಯಜಮಾನರ ತಲೆಗೆ ಮೆತ್ತಿದರು. "ತಣ್ಣೀರಲ್ಲಿ ತೊಳ್ಕಳ್ಳಿ" ಎಂದು ಹೇಳುವುದನ್ನು ಮರೆತರು. ಅವರು ಹಂಡೆಯ ಕುದಿನೀರನ್ನೇ ಸುರಿದುಕೊಂಡರು. ಮೊಟ್ಟೆ ತಲೆಯ ಮೇಲೇ ಬೆಂದಿತು.

"ಚನ್ನಾಜೀ! ಉಪ್ಪು ಮೆಣಸು ತಗಂಬಾರೇ," ಎಂದು ಬಚ್ಚಲಿನಿಂದ ಕೂಗಿದರು ಚಿಕ್ಕರಂಗಪ್ಪ. "ತಿಂಡಿ ರೆಡಿ ಐತೆ!"

ಬಾಣಲೆಯಾದ ನನಗೆ ಒಂದು ಮೊಟ್ಟೆ ಬೇಯಿಸುವ ಭಾಗ್ಯವಿಲ್ಲ, ಅವರ ಬುರುಡೆಗೆ ಸಿಕ್ಕಿತಲ್ಲ ಎಂದು ನಾನು ಎರಡು ದಿನ ಕೊರಗಿದೆ.

ಹೀಗೇ ವರ್ಷಗಳು ಹೋದವು. ಅವರ ಮಗ ನಟೇಶ ಹೈಸ್ಕೂಲು ಮೇಷ್ಟರಾಗಿ ಸುಳ್ಯದ ಕಡೆ ಕೆಲಸಕ್ಕೆ ಹೋದವನು, ತಿಪಟೂರಿಗೆ ವರ್ಗವಾಗಿ ಬರುವಾಗ ಅಲ್ಲಿಯ ಹುಡುಗಿಯನ್ನು ಮದುವೆಯಾಗಿ ಕರೆತಂದ. ಹೆಸರು ಚಂಚಲಾಕ್ಷಿ. ಅವಳ ಜಡೆ ಎಂಥದೆಂದರೆ, ಕುರ್ಚಿಯ ಮೇಲೆ ಕೂರುವಾಗ ಮೊದಲು ಅದನ್ನು ಎತ್ತಿ ಪಕ್ಕಕ್ಕಿಟ್ಟು ಆಮೇಲೆ ಕೂರಬೇಕಿತ್ತು. ಸೊಸೆಯನ್ನು ನೋಡಲು ಬಂದ ಕೇರಿಯ ಹೆಂಗಸರು ಮುಖ ನೋಡಿ, ಹಿಂದಕ್ಕೆ ಹೋಗಿ ಜಡೆ ನೋಡಿ, ಅಲ್ಲಿಯೇ ನಿಂತುಬಿಡುತ್ತಿದ್ದರು. ಚನ್ನಾಜಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಇಷ್ಟು ವರ್ಷ ಬೋಳುತಲೆಗೆ ಎರೆದ ಎಣ್ಣೆಯ ಪುಣ್ಯವೇ ಈ ಜಡೆಯಾಗಿ ಮನೆಗೆ ಬಂದಿತೆಂದು ಅವರು ಹಿಗ್ಗಿದರು.

ಚಂಚಲಾಕ್ಷಿಯ ತಾಯಿ ಕುಸುಮಾವತಿಗೆ ಮಾತ್ರ ಈ ಸಂಬಂಧ ಅಷ್ಟು ಹಿಡಿಸಿರಲಿಲ್ಲ. ಮದುವೆಯ ಮನೆಯಲ್ಲೇ ಹೇಳಿದ್ದರಂತೆ: "ಹುಡುಗ ಒಳ್ಳೆಯವನೇ. ಆದ್ರೆ ಆ ಗಟ್ಟದ ಮೇಲಿನ ಬೋರ್‌ವೆಲ್ ನೀರು ಉಂಟಲ್ಲ, ಅದಕ್ಕೆ ನನ್ನ ಮಗಳ ಕೂದಲು ನಿಲ್ಲುದಿಲ್ಲ. ಉದುರಿದ್ರೆ ನಾನು ಬಂದು ಕರ್ಕೊಂಡು ಬರ್ತೇನೆ, ನೋಡಿ." ನೆಂಟರು ನಕ್ಕಿದ್ದರು. ಚನ್ನಾಜಮ್ಮ ನಕ್ಕಿರಲಿಲ್ಲ.

ಮತ್ತೆ ಆದದ್ದೂ ಅದೇ. ನಮ್ಮ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬರಲು ಹಟ ಮಾಡುತ್ತದೆ. ಯುಗಾದಿ ಕಳೆದು ಮಳೆಗಾಲ ಬರುವ ಹೊತ್ತಿಗೆ ಚಂಚಲಾಕ್ಷಿಯ ಕೂದಲು ತೆಂಗಿನ ನಾರಿನಂತೆ ಒರಟಾಗಿ, ಬಾಚಿದಷ್ಟೂ ಕಿತ್ತು ಬರತೊಡಗಿತು. ಒಂದು ದಿನ ಬಚ್ಚಲಲ್ಲಿ ನೀರು ಹೋಗದೆ ನಿಂತಿತು. ಚನ್ನಾಜಮ್ಮ ಬಗ್ಗಿ, ತೂಬಿಗೆ ಕೈ ಹಾಕಿ ಎಳೆದರು. ಬಂತು, ಬಂತು, ಬರುತ್ತಲೇ ಇತ್ತು. ಕೈಯಲ್ಲಿ ಆ ಒದ್ದೆ ಕೂದಲ ಮುದ್ದೆ ಹಿಡಿದುಕೊಂಡು ಅವರು ಹಂಡೆಯ ಕಟ್ಟೆಯ ಮೇಲೆ ಕೂತುಬಿಟ್ಟರು.

ಸೊಸೆಯನ್ನು ಒಂದು ಮಾತೂ ಕೇಳಲಿಲ್ಲ. ಸೊಸೆಯೂ ಹೇಳಲಿಲ್ಲ. ಅವಳು ಜಡೆಗೆ ಬದಲು ತುರುಬು ಕಟ್ಟಲು ಶುರುಮಾಡಿದಳು. ಚನ್ನಾಜಮ್ಮ ತಾವು ಕಾಯಿಸಿದ ಎಣ್ಣೆಯನ್ನು ಸೀಸೆಗೆ ತುಂಬಿ ಅವಳ ಕೋಣೆಯ ಕಿಟಕಿಯಲ್ಲಿ ಸುಮ್ಮನೆ ಇಟ್ಟು ಬರಲು ಶುರುಮಾಡಿದರು. ಅತ್ತೆ ಸೊಸೆಯರ ನಡುವೆ ಸೀಸೆ ಖಾಲಿಯಾಗುತ್ತಿತ್ತು, ತುಂಬುತ್ತಿತ್ತು, ಅಷ್ಟೇ. ನಮ್ಮ ಬೀದಿಯಲ್ಲಿ ಮಾತಾಡದೆ ಇರುವುದಕ್ಕೆ ಜಗಳ ಎನ್ನುತ್ತಾರೆ. ಇದಕ್ಕೆ ಏನನ್ನಬೇಕೋ ನನಗೆ ಗೊತ್ತಾಗಲಿಲ್ಲ.

ಹಾಗಿರುವಾಗ ಫೋನು ಬಂತು. ಮದುವೆಯಾದ ಮೇಲಿನ ಮೊದಲ ದೀಪಾವಳಿ. ಮಗಳು ಅಳಿಯನನ್ನು ಹಬ್ಬಕ್ಕೆ ಕರೆಯಲು ಕುಸುಮಾವತಿ ತಾವೇ ಬರುತ್ತಾರೆ. ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದ ಯಜಮಾನರ ಹತ್ತಿರ ಚನ್ನಾಜಮ್ಮ ಮೆಲ್ಲಗೆ ಹೇಳಿದರು.

"ಹಬ್ಬಕ್ಕೆ ಹೋದ ಮಗಳನ್ನ ಆ ಯಮ್ಮ ಮತ್ತೆ ಕಳಿಸ್ತಾಳೇನ್ರೀ?"

"ಕೂದ್ಲು ಉದುರಿದ್ದಕ್ಕೆಲ್ಲ ತವರಿಗೆ ಹೋಗಂಗಿದ್ರೆ, ನಾನು ಯಾವತ್ತೋ ನಮ್ಮವ್ವನ ಮನೆಗೆ ಹೋಗಿರ್ತಿದ್ದೆ."

"ನಿಮಗೆ ಎಲ್ಲಾ ತಮಾಷೆ," ಎಂದರು ಚನ್ನಾಜಮ್ಮ. ಅವರ ದನಿ ಒಡೆದಿತ್ತು.

ಕುಸುಮಾವತಿ ಬರುವ ದಿನ ಬೆಳಗಿನಿಂದಲೇ ಮಳೆ. ಬಚ್ಚಲೊಲೆಯ ಸೌದೆಯೆಲ್ಲ ನೆನೆದು ಹೊಗೆಯಾಡುತ್ತಿತ್ತು. ಬೀಗಿತ್ತಿ ಬರುವುದರೊಳಗೆ ಸೊಸೆಯ ತಲೆಗೆ ಒಂದು ಸಲ ಹೊಸ ಎಣ್ಣೆ ಬೀಳಲೇಬೇಕೆಂದು ಚನ್ನಾಜಮ್ಮ ತಮ್ಮ ಜೀವಮಾನದ ಕಟ್ಟಳೆಯನ್ನೇ ಮುರಿದರು. ನನ್ನನ್ನು ತೊಳೆದು, ಎತ್ತಿಕೊಂಡು, ಅಡುಗೆಮನೆಗೆ ನಡೆದರು!

ಆ ಹೊಸ್ತಿಲು ದಾಟಿದ ಕ್ಷಣವನ್ನು ನಾನು ಹೇಗೆ ಬಣ್ಣಿಸಲಿ? ಗ್ಯಾಸ್ ಒಲೆಯ ನೀಲಿ ಉರಿ ನನ್ನ ತಳಕ್ಕೆ ಕಚಗುಳಿ ಇಟ್ಟಿತು. ಸ್ಟ್ಯಾಂಡಿನಲ್ಲಿದ್ದ ಸ್ಟೀಲು ಪಾತ್ರೆಗಳು ಮೂಗು ಮುರಿದವು. ಮುರಿಯಲಿ. ತೆಂಗಿನೆಣ್ಣೆ ಕಾದಿತು, ಚಿಟಿಕೆ ಮೆಂತ್ಯ ಕೆಂಪಾಯಿತು, ಕರಿಬೇವು ಗರಿಗರಿಯಾಯಿತು. ದಾಸವಾಳ ಹಾಕೋಣವೆಂದು ನೋಡಿದರೆ ನಮ್ಮ ಗಿಡದ ಹೂವೆಲ್ಲ ಮಳೆಗೆ ಉದುರಿಹೋಗಿದ್ದವು. ಚನ್ನಾಜಮ್ಮ ಒಲೆ ಆರಿಸಿ, ಛತ್ರಿ ಹಿಡಿದು, ಪಕ್ಕದ ಬೀದಿಯ ಬೇಲಿಯಲ್ಲಿ ಹೂ ಕೀಳಲು ಹೋದರು.

ಅವರು ಅತ್ತ ಹೋಗುವುದಕ್ಕೂ ಕುಸುಮಾವತಿ ಇತ್ತ ಆಟೋ ಇಳಿಯುವುದಕ್ಕೂ ಸರಿಹೋಯಿತು. ನಟೇಶ ಶಾಲೆಯಲ್ಲಿದ್ದ, ಚಿಕ್ಕರಂಗಪ್ಪ ನಡುಮನೆಯಲ್ಲಿ ಕೂತಿದ್ದರು. ಚಂಚಲಾಕ್ಷಿ ಸ್ನಾನಕ್ಕೆ ಹೋಗಿದ್ದಳು. ತಾಯಿಯ ದನಿ ಕೇಳಿ ಇನ್ನೂ ಎರಡು ಚೊಂಬು ಹೆಚ್ಚಿಗೆ ಸುರಿದುಕೊಂಡಳು, ಹೊರಗೆ ಬರಲು ಧೈರ್ಯವಿಲ್ಲದೆ.

ಕುಸುಮಾವತಿ ಸುಮ್ಮನೆ ಕೂರುವ ಪೈಕಿ ಅಲ್ಲ. ನೀರು ಕುಡಿಯಲು ಅಡುಗೆಮನೆಗೆ ಬಂದವರು ನನ್ನನ್ನು ನೋಡಿ ನಿಂತರು. ಬಗ್ಗಿದರು. ಮೂಸಿದರು. ಅವರ ಊರಿನಲ್ಲಿ ತೆಂಗಿನೆಣ್ಣೆ ಎಂದರೆ ಅಡುಗೆಯ ಎಣ್ಣೆ. ಕರಿಬೇವು, ಮೆಂತ್ಯ ಎಂದರೆ ಒಗ್ಗರಣೆ. ಬೇರೆ ಯೋಚನೆ ಅವರಿಗೆ ಬರಲು ಕಾರಣವೇ ಇರಲಿಲ್ಲ.

"ಅಯ್ಯೋ ದೇವರೇ," ಎಂದರು ತಮ್ಮಷ್ಟಕ್ಕೆ. "ಇಲ್ಲಿ ಎಲ್ಲ ಕಡ್ಲೆಎಣ್ಣೆಯೇ ಅಂತ ಮಗಳು ಹೇಳಿದ್ಲು. ನಾನು ಬರ್ತೇನೆ ಅಂತ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಇಟ್ಟಿದ್ದಾರಲ್ಲ ಪಾಪ!" ಸೆರಗಿನಿಂದ ಕಣ್ಣೊರಸಿಕೊಂಡರು. "ಸಾಸಿವೆ ಹಾಕಲಿಕ್ಕೆ ಮರೆತು ಹೋಗಿದೆ. ಅಡ್ಡಿಲ್ಲ."

ಆಮೇಲೆ ನಡೆದದ್ದು ಕನಸಿನಂತೆ ನಡೆಯಿತು. ಹೆಚ್ಚಾದ ಎಣ್ಣೆಯನ್ನು ಬಟ್ಟಲಿಗೆ ಬಸಿದಿಟ್ಟರು. ಒಲೆ ಹಚ್ಚಿದರು. ಸಾಸಿವೆ ಬಿತ್ತು, ಒಣಮೆಣಸಿನಕಾಯಿ ಬಿತ್ತು, ಇಂಗು ಬಿತ್ತು. ಊರಿನಿಂದ ತಂದಿದ್ದ ತೆಳು ಅವಲಕ್ಕಿಯನ್ನು ಚೀಲದಿಂದ ತೆಗೆದು ನನ್ನೊಳಗೇ ಸುರಿದರು. ಮೇಲೆ ತೆಂಗಿನತುರಿ, ಉಪ್ಪು, ಚೂರು ಬೆಲ್ಲ. ಅವರ ಕೈ ನನ್ನೊಳಗೆ ಸುತ್ತುತ್ತಿತ್ತು. ನಾನು, ಬಚ್ಚಲುಮನೆಯ ಬಾಣಲೆ, ಅಡುಗೆ ಮಾಡುತ್ತಿದ್ದೆ!

ನನ್ನನ್ನೇ ನಡುಮನೆಗೆ ಹೊತ್ತು ತಂದು, ಚಿಕ್ಕರಂಗಪ್ಪನವರಿಗೆ ತಟ್ಟೆ ತುಂಬ ಬಡಿಸಿ, ತಾವೂ ತಿನ್ನಲು ಕೂತರು. ಯಜಮಾನರು ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಮತ್ತೊಂದು ತುತ್ತು. ಹುಬ್ಬು ಗಂಟಿಕ್ಕಿತು.

"ಹೇಗುಂಟು ಬೀಗ್ರೆ?"

"ರುಚಿಯೇನೋ ಭಾಳ ಚೆನ್ನಾಗೈತಮ್ಮ. ಆದ್ರೆ ಈ ಗಮಲು ಎಲ್ಲೋ ಕಂಡಂಗೈತೆ." ಕಣ್ಣು ಮುಚ್ಚಿ ಯೋಚಿಸಿದರು. "ಹಾಂ! ನನ್ ದಿಂಬು ಹಿಂಗೇ ಗಮಗುಟ್ಟೋದು!"

ಅಷ್ಟರಲ್ಲಿ ಮಡಿಲು ತುಂಬ ದಾಸವಾಳ ಕಟ್ಟಿಕೊಂಡು ಚನ್ನಾಜಮ್ಮ ಬಾಗಿಲಲ್ಲಿ ನಿಂತರು. ನನ್ನನ್ನು ನೋಡಿದರು, ನನ್ನೊಳಗಿನ ಅವಲಕ್ಕಿ ನೋಡಿದರು, ಬೀಗಿತ್ತಿಯ ಅಲ್ಲಾಡುತ್ತಿದ್ದ ದವಡೆ ನೋಡಿದರು.

"ಅಯ್ಯಯ್ಯೋ! ಅದು ತಲೆಗೆ!"

ದವಡೆ ನಿಂತಿತು. "ತಲೆಗೆ ಅಂದ್ರೆ ಎಂಥದು?"

"ತಲೆಗೆ ಹಚ್ಚೋ ಎಣ್ಣೆ ಕಣ್ರವ್ವ ಅದು!"

ಕುಸುಮಾವತಿ ತಟ್ಟೆ ನೋಡಿದರು. ಬಾಯಲ್ಲಿದ್ದದ್ದನ್ನು ಉಗುಳುವುದೋ ನುಂಗುವುದೋ ಎಂದು ಗಳಿಗೆ ಯೋಚಿಸಿ, ನುಂಗಿದರು. ಆಮೇಲೆ ಕೇಳಿದರು: "ಇಷ್ಟೊಂದು ಎಣ್ಣೆಯಾ? ಯಾರ ತಲೆಗೆ?"

ಚನ್ನಾಜಮ್ಮ ಬೇರೇನೂ ತೋಚದೆ ಯಜಮಾನರ ಕಡೆ ಬೆರಳು ತೋರಿಸಿದರು. "ಇವರ ತಲೆಗೆ."

ಎಲ್ಲರೂ ಆ ತಲೆಯನ್ನು ನೋಡಿದರು. ಅದು ಟ್ಯೂಬ್‌ಲೈಟಿನ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ಚಿಕ್ಕರಂಗಪ್ಪ ಹೆಂಡತಿಯ ಮಾನ ಕಾಯಲು ತಲೆ ಅಲ್ಲಾಡಿಸಿದರು. "ನಂಗೇ. ಒಂದ್ಸಲಕ್ಕೆ ಅಷ್ಟು ಬೇಕು."

ಕುಸುಮಾವತಿ ನಗಲಿಲ್ಲ. ಬಚ್ಚಲಿನ ಬಾಗಿಲ ಬಳಿ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದ ಮಗಳನ್ನು ನೋಡಿದರು. "ಚಂಚಲ, ಇಲ್ಲಿ ಬಾ."

ಅವಳು ಬಂದಳು. ಟವೆಲನ್ನು ತಾನೇ ಬಿಚ್ಚಿದಳು. ಒನಕೆಯಷ್ಟು ದಪ್ಪವಿದ್ದ ಕೂದಲು ಎಳೆಯ ಬೆಂಡೆಕಾಯಿಯಷ್ಟಾಗಿ ಬೆನ್ನ ಮೇಲೆ ಇಳಿದಿತ್ತು. ತಾಯಿ ಅದರೊಳಗೆ ಬೆರಳಾಡಿಸಿದರು. ಚನ್ನಾಜಮ್ಮನ ಮಡಿಲಿನಿಂದ ಹೂ ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು.

ಕೊನೆಗೆ ಚನ್ನಾಜಮ್ಮನೇ ಬಾಯಿಬಿಟ್ಟರು. "ನೀವು ಅಂದಂಗೇ ಆಯ್ತು ಬೀಗ್ರೇ. ನಂಗೆ ಗೊತ್ತಿರೋದೆಲ್ಲ ಮಾಡ್ದೆ. ಈ ನೀರಿನ ಮುಂದೆ ನಂದೇನೂ ನಡೀಲಿಲ್ಲ. ಹಬ್ಬಕ್ಕೆ ಕರ್ಕೊಂಡು ಹೋಗಿ. ಕೂದ್ಲು ಬರೋಗಂಟ ಅಲ್ಲೇ ಇರ್ಲಿ. ನಾನು ಬೇಗ ಕಳ್ಸಿ ಅಂತ ಕೇಳಲ್ಲ."

ಕುಸುಮಾವತಿ ಮಗಳ ಕೂದಲಲ್ಲಿ ಆಡಿಸಿದ ಬೆರಳನ್ನು ಮೂಗಿಗೆ ಹಿಡಿದು ಮೂಸಿದರು. ಅದೇ ಎಣ್ಣೆಯ ಗಮಲು. ನನ್ನನ್ನೊಮ್ಮೆ ನೋಡಿದರು. ಆಮೇಲೆ ಒಂದು ವಿಚಿತ್ರ ಕೆಲಸ ಮಾಡಿದರು. ತಮ್ಮ ಹಿಂದಲೆಗೆ ಕೈ ಹಾಕಿ, ಎರಡು ಪಿನ್ನು ತೆಗೆದು, ದಪ್ಪ ತುರುಬನ್ನು ಇಡಿಯಾಗಿ ಕಿತ್ತು ಅವಲಕ್ಕಿ ತಟ್ಟೆಯ ಪಕ್ಕ ಇಟ್ಟರು. ಅದು ಚವರಿ! ಅವರ ಸ್ವಂತದ್ದು ಇಲಿಬಾಲದಷ್ಟು ಹಿಂದೆ ತೂಗಾಡುತ್ತಿತ್ತು.

"ಅಮ್ಮಾ!" ಎಂದಳು ಚಂಚಲಾಕ್ಷಿ.

"ಎಂಥ ಅಮ್ಮ? ನಮ್ಮೂರ ಹೊಳೆಯ ಸಿಹಿನೀರಲ್ಲೇ ಮಿಂದು ಆದದ್ದು ಇದು," ಎಂದರು ಕುಸುಮಾವತಿ. "ನಿನ್ನ ಮದುವೆ ದಿನವೂ ಇದನ್ನೇ ಸಿಕ್ಕಿಸಿಕೊಂಡು ನಿಂತದ್ದು ನಾನು. ಮತ್ತೆ ಇವರ ನೀರಿಗೆ ಬೈದದ್ದು. ಮಗಳನ್ನ ದೂರ ಕಳಿಸ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು, ಅದಕ್ಕೆ ನೀರಿನ ಮೇಲೆ ಹಾಕಿದ್ದು." ಚನ್ನಾಜಮ್ಮನ ಕಡೆ ತಿರುಗಿದರು. "ಅಕ್ಕ, ಬಟ್ಟಲಲ್ಲಿ ಸ್ವಲ್ಪ ಎಣ್ಣೆ ಉಳಿದದೆ. ನನ್ನ ತಲೆಗೂ ಹಚ್ತೀರಾ?"

ಚಿಕ್ಕರಂಗಪ್ಪ ಮೆಲ್ಲಗೆ ಚವರಿಯನ್ನು ಎತ್ತಿ ನೋಡಿ, "ಇದು ನಂಗೂ ಒಂದು ಸಿಕ್ತದಾ?" ಎಂದರು. ಮೊದಲು ನಕ್ಕದ್ದು ಚನ್ನಾಜಮ್ಮ. ನಗುತ್ತ ನಗುತ್ತ ಅತ್ತೇಬಿಟ್ಟರು.

ಆ ಮಧ್ಯಾಹ್ನ ನನ್ನನ್ನು ತೊಳೆದು ಮತ್ತೆ ಎಣ್ಣೆ ಕಾಯಿಸಿದರು. ಮೆಂತ್ಯ ಎಷ್ಟು ಹಾಕಬೇಕೆಂದು ಇಬ್ಬರು ತಾಯಂದಿರು ಸಂಜೆಯವರೆಗೆ ಜಗಳಾಡಿದರು. ನಡುವೆ ಮಣೆಯ ಮೇಲೆ ಕೂತಿದ್ದ ಚಂಚಲಾಕ್ಷಿಯ ತಲೆಯ ಎಡಭಾಗವನ್ನು ಒಬ್ಬರು, ಬಲಭಾಗವನ್ನು ಒಬ್ಬರು ತಿಕ್ಕಿದರು. ಮಾಳಿಗೆಯಿಂದ ಸುರಿಯುತ್ತಿದ್ದ ಮಳೆನೀರಿಗೆ ಕುಸುಮಾವತಿಯೇ ಓಡಿಹೋಗಿ ಡ್ರಮ್ಮು ಇಟ್ಟರು. ತಲೆ ತೊಳೆಯಲು ಇನ್ನು ಮೇಲೆ ಅದೇ ನೀರು ಎಂದಾಯಿತು.

ಚಂಚಲಾಕ್ಷಿ ಹಬ್ಬಕ್ಕೆ ಹೊರಟಾಗ ಚನ್ನಾಜಮ್ಮ ಎಣ್ಣೆ ಕಟ್ಟಿಕೊಟ್ಟರು. ಮನೆಯಲ್ಲಿ ದೊಡ್ಡ ದೊಡ್ಡ ಸೀಸೆಗಳಿದ್ದವು. ಅವರು ಹುಡುಕಿ ಹುಡುಕಿ ತೆಗೆದದ್ದು ಎಲ್ಲಕ್ಕಿಂತ ಚಿಕ್ಕದನ್ನು. "ಇದು ಮುಗಿದ ತಕ್ಷಣ ಬಂದ್ಬಿಡವ್ವ. ಹೊಸದು ಕಾಯಿಸಿ ಇಟ್ಟಿರ್ತೀನಿ."

ಅವಳು ತಿರುಗಿ ಬಂದಾಗ ಸೀಸೆಯಲ್ಲಿ ಅರ್ಧ ಎಣ್ಣೆ ಹಾಗೇ ಇತ್ತು.

"ಯಾಕವ್ವ, ಇನ್ನೂ ಮುಗಿದೇ ಇಲ್ವಲ್ಲ?"

"ಮುಗಿಯುವವರೆಗೆ ಕಾಯ್ಲಿಕ್ಕೆ ಆಗ್ಲಿಲ್ಲ ಅತ್ತೆ," ಎಂದಳು ಚಂಚಲಾಕ್ಷಿ.

ಅವಳ ಕೂದಲು ಮೊದಲಿನಷ್ಟು ದಪ್ಪಕ್ಕೆ ಮರಳಿ ಬರಲಿಲ್ಲ. ಸುಳ್ಳು ಹೇಳಬಾರದು. ಆದರೆ ಉದುರುವುದು ನಿಧಾನವಾಗಿ ನಿಂತಿತು, ಒರಟು ಹೋಗಿ ಹೊಳಪು ಬಂತು, ಸೊಂಟದವರೆಗೆ ಮೆತ್ತಗೆ ಇಳಿಯಿತು. ನಾನು ಮಾತ್ರ ಅಡುಗೆಮನೆಗೆ ಮತ್ತೆ ಹೋಗಲಿಲ್ಲ ಎಂದುಕೊಂಡಿರಾ? ಕುಸುಮಾವತಿ ಬಂದಾಗಲೆಲ್ಲ "ಅಕ್ಕ, ಆ ದಿನದ ರುಚಿ ಬೇರೆ ಬಾಣಲೆಗೆ ಬರುದಿಲ್ಲ" ಎನ್ನುತ್ತಿದ್ದರು. ಚನ್ನಾಜಮ್ಮ ಅತ್ತಿತ್ತ ನೋಡಿ, ಸೆರಗಿನಲ್ಲಿ ನನ್ನನ್ನು ಮುಚ್ಚಿಕೊಂಡು ಒಳಗೆ ಒಯ್ಯುತ್ತಿದ್ದರು.

ಈಗ ನನಗೆ ವಯಸ್ಸಾಗಿದೆ. ಮದರಂಗಿಗೆ ಕಪ್ಪು ಕೊಟ್ಟು ಕೊಟ್ಟು ತಳ ತೆಳುವಾಗಿ, ಸಾಸಿವೆಯಷ್ಟು ಗಾತ್ರದ ತೂತು ಬಿದ್ದಿದೆ. ಎಣ್ಣೆ ಹಾಕಿದರೆ ಒಲೆಯ ಪಾಲಾಗುತ್ತದೆ. ಗುಜರಿಯವನು ತಕ್ಕಡಿ ಹಿಡಿದು ಎಷ್ಟೋ ಸಲ ಬಂದ, ಚಂಚಲಾಕ್ಷಿ ಕೊಡಲಿಲ್ಲ. ನನಗೀಗ ಮಾಳಿಗೆಯ ಮೇಲೆ ಒಣ ಕೆಲಸ. ಸೀಗೆಕಾಯಿ, ನೆಲ್ಲಿಚೆಟ್ಟು, ದಾಸವಾಳದ ಹೂ, ಬಿಸಿಲಿಗೆ ಒಣಗುವುದೆಲ್ಲ ನನ್ನಲ್ಲೇ ಒಣಗುತ್ತದೆ.

ಚಿಕ್ಕರಂಗಪ್ಪ ಇಲ್ಲ. ಚನ್ನಾಜಮ್ಮ ತುಂಬ ಹಣ್ಣಾಗಿದ್ದಾರೆ, ಕಣ್ಣು ಮಂಜಾಗಿದೆ. ಎಳೆಬಿಸಿಲಿನ ಹೊತ್ತು ಚಂಚಲಾಕ್ಷಿ ಅವರನ್ನು ಕೈಹಿಡಿದು ಮೇಲಕ್ಕೆ ಕರೆತಂದು, ನನ್ನ ಪಕ್ಕದಲ್ಲೇ ಕೂರಿಸಿ ತಲೆ ಬಾಚುತ್ತಾಳೆ. ಇವತ್ತೂ ಬಾಚಿದಳು.

"ಉದುರ್ತಾ ಐತೇನವ್ವ?" ಎಂದು ಕೇಳಿದರು ಚನ್ನಾಜಮ್ಮ.

ಚಂಚಲಾಕ್ಷಿ ಬಾಚಣಿಗೆಯಿಂದ ಬಿಡಿಸಿಕೊಂಡ ಬಿಳಿ ಎಳೆಗಳನ್ನು ಬೆರಳಿಗೆ ಸುತ್ತಿ, ಸದ್ದಾಗದಂತೆ ನನ್ನೊಳಗೆ ಹಾಕಿದಳು.

"ಇಲ್ಲ ಅತ್ತೆ. ಒಂದೂ ಇಲ್ಲ."

ತೂತು ಬಿದ್ದ ಬಾಣಲೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ. ಕೂದಲು ನಿಲ್ಲುತ್ತದೆ. ಅವಳು ಮೇಲೆ ಎರಡು ದಾಸವಾಳದ ಹೂ ಮುಚ್ಚಿದ್ದರಿಂದ ಚನ್ನಾಜಮ್ಮ ಕೈಯಾಡಿಸಿದರೂ ತಿಳಿಯದಂತೆ ನಾನು ಅದನ್ನು ಇಟ್ಟುಕೊಂಡೆ.